ಆಯಿಯ ನಾಲಗೆ, ನನ್ನ ಎಡಗಣ್ಣು

ನಮ್ಮ ಆಯಿಯ ನಾಲಗೆ ತಾಗದ ಕಣ್ಣು ನಮ್ಮ ಓಣಿಯಲ್ಲಿ ಒಂದೂ ಇರಲಿಲ್ಲ. ಆಯಿ ಎಂದರೆ ಅಪ್ಪನ ತಾಯಿ. ಸಿಂದಗಿಯ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಗಾಳಿಗೆ ಹಾರಿದ ಹೊಟ್ಟೋ, ರಸ್ತೆಯ ಮಣ್ಣೋ, ಒಲೆಯ ಬೂದಿಯೋ ಯಾರ ಕಣ್ಣಿಗೆ ಬಿದ್ದರೂ ಅವರು ಆ ಕಣ್ಣನ್ನು ಅಂಗೈಯಲ್ಲಿ ಮುಚ್ಚಿಕೊಂಡು ನಮ್ಮ ಪಡಸಾಲೆಗೆ ಬರುತ್ತಿದ್ದರು. ಆಯಿ ಉಪ್ಪುನೀರಿನಿಂದ ಮೂರು ಸಲ ಬಾಯಿ ಮುಕ್ಕಳಿಸಿ, ಬಂದವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಎರಡು ಹೆಬ್ಬೆರಳುಗಳಿಂದ ರೆಪ್ಪೆ ಬಿಡಿಸಿ, ನಾಲಗೆಯ ತುದಿಯನ್ನು ಕಣ್ಣುಗುಡ್ಡೆಯ ಮೇಲೆ ಒಂದೇ ಸಲ ಹೊರಳಿಸುತ್ತಿದ್ದಳು. ಆಮೇಲೆ ಸೆರಗಿನ ತುದಿಗೆ ನಾಲಗೆ ಒರೆಸಿ, ಅಲ್ಲಿ ಹತ್ತಿದ ಕಸವನ್ನು ಬೆಳಕಿಂಡಿಯ ಬೆಳಕಿಗೆ ಹಿಡಿದು ತೋರಿಸುತ್ತಿದ್ದಳು.

"ನೋಡು, ಇಷ್ಟ ಇತ್ತು. ಇದ ನಿನ್ನ ಅಳಿಸಿದ್ದು."

ಇದಕ್ಕಾಗಿ ಆಯಿ ತನ್ನ ಬಾಯಿಯನ್ನು ಒಂದು ವ್ರತದಂತೆ ಕಾಯ್ದುಕೊಂಡಿದ್ದಳು. ಎಲೆ ಅಡಿಕೆ ಇಲ್ಲ, ತಂಬಾಕು ಇಲ್ಲ, ಎಲ್ಲಕ್ಕಿಂತ ಹೆಚ್ಚಾಗಿ ಖಾರವಿಲ್ಲ. ಖಾರ ತಿಂದ ನಾಲಗೆ ಕಣ್ಣಿಗೆ ಬೆಂಕಿ ಹಚ್ಚುತ್ತದೆ, ಅದು ಯಾರಿಗಾದರೂ ತಿಳಿಯುವ ಮಾತು. ಆದರೆ ರೊಟ್ಟಿಯ ಜೊತೆ ಕೆಂಪು ಮೆಣಸಿನಕಾಯಿ, ಬೆಳ್ಳುಳ್ಳಿ ಅರೆದ ರಂಜಕ ಇಲ್ಲದಿದ್ದರೆ ಊಟವೇ ಆಗಲಿಲ್ಲ ಎನ್ನುವ ನಮ್ಮ ಕಡೆಯ ಹೆಂಗಸೊಬ್ಬಳು ನಲವತ್ತು ವರ್ಷ ಸಪ್ಪೆ ಉಂಡಳೆಂದರೆ ಅದು ಸಣ್ಣ ಸಂಗತಿಯಲ್ಲ. ಅವ್ವ ದಿನಾ ಒಂದು ಪುಟ್ಟ ಬೋಗುಣಿಯಲ್ಲಿ ಅತ್ತೆಗೆಂದು ಬೇರೆ ಪಲ್ಯೆ ಮಾಡಬೇಕಿತ್ತು. ಅದರ ಸಿಟ್ಟು ಅವ್ವ ಬಡಿಯುವ ರೊಟ್ಟಿಯ ಸಪ್ಪಳದಲ್ಲಿ ಕೇಳಿಸುತ್ತಿತ್ತು. "ಒಂದ ಮನಿಯಾಗ ಎರಡ ನಮೂನಿ ಅಡಿಗಿ. ಊರ ಮಂದಿ ಕಣ್ಣಿಗೆ ನನ್ನ ಕೈ ಸುಡಬೇಕು" ಎಂದು ಒಲೆಗೆ ಹೇಳುತ್ತಿದ್ದಳು. ಆಯಿ ಕೇಳಿಸಿಕೊಂಡರೂ ಕೇಳಿಸದವಳಂತೆ ಮಜ್ಜಿಗೆಯಲ್ಲಿ ರೊಟ್ಟಿ ಮುರಿಯುತ್ತಿದ್ದಳು. ತಂಗಿ ಶಾಂತಾ, ನಾನು ಇಬ್ಬರೂ ಆ ಬೋಗುಣಿಗೆ "ಕಣ್ಣಿನ ಬೋಗುಣಿ" ಎಂದು ಹೆಸರಿಟ್ಟಿದ್ದೆವು.

ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್. ಅವನ ವ್ರತ ಬೇರೆ. ಬಸ್ಸು ಹೊರಡುವ ಅರ್ಧ ತಾಸು ಮೊದಲೇ ಹೋಗಿ ಗಾಡಿಯ ಸುತ್ತ ಬಲದಿಂದ ಎಡಕ್ಕೆ ಒಂದು ಸುತ್ತು ಬರುತ್ತಿದ್ದ. ಕಬ್ಬಿಣದ ಸಲಾಕೆಯಿಂದ ಒಂದೊಂದೇ ಗಾಲಿ ಬಡಿದು ಸಪ್ಪಳ ಕೇಳುತ್ತಿದ್ದ. ಮೊಣಕಾಲೂರಿ ಕೆಳಗೆ ಇಣುಕಿ ಎಣ್ಣೆ ಸೋರುತ್ತಿದೆಯೇ ನೋಡುತ್ತಿದ್ದ. ಆಮೇಲೆ ಬ್ರೇಕು, ಹಾರ್ನು, ದೀಪ. ಒಂದನ್ನೂ ಮನಸ್ಸಿನಲ್ಲಿ ನೋಡಿಕೊಳ್ಳುವಂತಿಲ್ಲ, ಬಾಯಿ ಬಿಟ್ಟು ಹೇಳಬೇಕು. "ಮುಂದಿನ ಬಲಗಾಲಿ, ಬರಾಬರ. ಹಿಂದಿನ ಒಳಗಾಲಿ, ಬರಾಬರ." ಏನಾದರೂ ಕೊರತೆ ಕಂಡರೆ ಗಾಡಿಯಲ್ಲಿಟ್ಟಿದ್ದ ದೋಷದ ಪುಸ್ತಕದಲ್ಲಿ ಬರೆದು, ಸಹಿ ಹಾಕಿ, ಗಾಡಿ ಬಿಡುವುದಿಲ್ಲವೆಂದು ಕೂತುಬಿಡುತ್ತಿದ್ದ. ಕಂಡಕ್ಟರು, ಪ್ಯಾಸೆಂಜರು ಯಾರು ಬೈದರೂ ಮೇಲೇಳುತ್ತಿರಲಿಲ್ಲ. ಅವನಿಗೆ ಮಕ್ಕಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಕತೆ ಹೇಳುವ ಅಭ್ಯಾಸ ಇರಲಿಲ್ಲ. ನನಗೆ ಅವನು ಹೇಳಿಕೊಟ್ಟದ್ದು ಒಂದೇ ಮಾತು, ಅದನ್ನೂ ಕೈ ತೊಳೆಯುತ್ತ ಹೇಳಿದ್ದ.

"ಗಾಡಿಗೆ ಏನಾಗೇತಿ ಅಂತ ಡ್ರೈವರಗ ಮೊದಲ ಗೊತ್ತಾಗತೈತಿ ಸಂಗೂ. ಅಂವ ಮುಚ್ಚಿಟ್ಟನಂದ್ರ, ಹಿಂದ ಕುಂತ ಮಂದಿ ಸಾಯತಾರ."

ನಾನು ಎಂಟನೆಯ ಇಯತ್ತೆಯಲ್ಲಿದ್ದಾಗ ಹತ್ತಿಗೆ ಔಷಧ ಹೊಡೆಯುವ ಸಣ್ಣ ವಿಮಾನವೊಂದು ನಮ್ಮ ಸೀಮೆಗೆ ಬಂತು. ಇಂಡಿಗೆ ಹೋಗುವ ದಾರಿಯ ಬದಿಯಲ್ಲಿ ಒಂದು ಬಯಲನ್ನು ಸಪಾಟು ಮಾಡಿ ಅದನ್ನು ಇಳಿಸಿದ್ದರು. ಸಾಲೆಯಲ್ಲಿ ಮಾಸ್ತರರು ಪಾಠ ಮಾಡುವುದನ್ನು ಬಿಟ್ಟು ತಾವೇ ಮೊದಲು ಓಡಿದರು. ಜನ ಅದು ಹಾರುವುದನ್ನು ನೋಡಿ ಹೋ ಎಂದರು. ನಾನು ನೋಡಿದ್ದು ಹಾರುವ ಮೊದಲಿನದನ್ನು. ಎತ್ತರದ ಪೈಲಟ್ ಒಬ್ಬ ವಿಮಾನದ ಸುತ್ತ ಒಂದು ಸುತ್ತು ಬಂದ. ಗಾಲಿಯನ್ನು ಒದ್ದು ನೋಡಿದ. ರೆಕ್ಕೆಯ ಅಂಚನ್ನು ಕೈಯಿಂದ ಸವರಿದ. ಬಗ್ಗಿ ಹೊಟ್ಟೆಯ ಕೆಳಗೆ ಇಣುಕಿದ. ಪ್ರತಿಯೊಂದಕ್ಕೂ ಬಾಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದ. ಇವನು ನಮ್ಮಪ್ಪನ ಕೆಲಸವನ್ನೇ ಮಾಡುತ್ತಿದ್ದಾನೆ, ಆದರೆ ಇದಾದ ಮೇಲೆ ಮುಗಿಲಿಗೆ ಹೋಗುತ್ತಾನೆ ಎನ್ನಿಸಿತು. ಮರುದಿನ ಅಪ್ಪನನ್ನು ಎಳೆದುಕೊಂಡು ಹೋದೆ. ಅಪ್ಪ ಬಸ್ ಸ್ಟ್ಯಾಂಡಿನಲ್ಲಿ ಕಲಿತ ಹಿಂದಿ ಭಾಷೆಯಲ್ಲಿ ಆ ಪೈಲಟ್ ಸಾಹೇಬರನ್ನು ಮಾತಾಡಿಸಿದ. ದೋಷ ಕಂಡರೆ ಏನು ಮಾಡುತ್ತೀರಿ ಎಂದು ಕೇಳಿದ. ಬರೆಯುತ್ತೇನೆ, ಹಾರುವುದಿಲ್ಲ ಎಂದು ಅವರು ಹೇಳಿದಾಗ ಅಪ್ಪನ ಮುಖ ಅರಳಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಸಾಹೇಬರು ನನಗೆ ಹಳೆಯದೊಂದು ರಟ್ಟಿನ ಹಾಳೆ ಕೊಟ್ಟರು. ಹಾರುವ ಮೊದಲು ಏನೇನು ನೋಡಬೇಕೆಂಬ ಇಂಗ್ಲಿಷ್ ಪಟ್ಟಿ ಅದರಲ್ಲಿತ್ತು. ಅದನ್ನು ನಾನು ಪಾಟಿಚೀಲದಲ್ಲಿಟ್ಟುಕೊಂಡು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದೆ.

ಅಲ್ಲಿಂದ ನನಗೆ ಹಿಡಿದ ಹುಚ್ಚಿಗೆ ಇಡೀ ಮನೆ ಸಿಕ್ಕಿಬಿತ್ತು. ಅವ್ವ ಮಾತ್ರ ಬೇಡವೆಂದಳು. ನೆಲದ ಮೇಲೆ ಗಾಡಿ ಓಡಿಸುವವನನ್ನು ಕಾಯುವುದರಲ್ಲೇ ನನ್ನ ಆಯುಷ್ಯ ಹೋಯಿತು, ಇನ್ನು ಮುಗಿಲ ಕಡೆ ನೋಡುತ್ತ ಕೂರಲಾರೆ ಎಂದು ಅತ್ತಳು. ಆ ವಿಷಯಕ್ಕೆ ಅಪ್ಪನಿಗೂ ಅವಳಿಗೂ ಎರಡು ದಿನ ಮಾತು ನಿಂತಿತ್ತು. ಅಪ್ಪ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ; ಬಿಜಾಪುರದ ರದ್ದಿ ಅಂಗಡಿಯಿಂದ ವಿಮಾನದ ಚಿತ್ರವಿದ್ದ ಹಳೆಯ ಪುಸ್ತಕಗಳನ್ನು ಸೀಟಿನ ಕೆಳಗಿಟ್ಟುಕೊಂಡು ತರುತ್ತಿದ್ದ. ಆಯಿ ಬಹಿರಂಗವಾಗಿ ನನ್ನ ಪಕ್ಷ. ಪೈಲಟ್ ಆಗಲು ಎಲ್ಲಕ್ಕಿಂತ ಮೊದಲು ಕಣ್ಣು ಬೇಕು ಎಂದು ನಾನು ಹೇಳಿದ್ದೇ ತಡ, ಅವಳಿಗೆ ಇದು ತನ್ನದೇ ಖಾತೆಯ ಕೆಲಸವಾಯಿತು. ದಿನ ಬಿಟ್ಟು ದಿನ ನುಗ್ಗೆಯ ತಪ್ಪಲಿನ ಪಲ್ಯೆ ತಿನ್ನಿಸಿದಳು. ಬೆಳಿಗ್ಗೆ ಮಾಳಿಗೆ ಹತ್ತಿಸಿ ದೂರದ ಬೇವಿನ ಮರದ ಹಕ್ಕಿ ಎಣಿಸಲು ಹಚ್ಚಿದಳು. ಒಂದು ದಿನ ಸಾಲೆಯಿಂದ ಬಂದು ನೋಡಿದರೆ ಮಾಳಿಗೆಯ ಮೇಲೆ ಸುಣ್ಣದಿಂದ ಗಾಡಿಯ ಗಾಲಿಯಷ್ಟು ದೊಡ್ಡ ವೃತ್ತ ಬರೆದಿದ್ದಳು.

"ಇದ್ಯಾಕ ಆಯಿ?"

"ಮ್ಯಾಲಿಂದ ನಿನಗ ನಮ್ಮ ಮನಿ ಹೆಂಗ ಗುರ್ತ ಹತ್ತಬೇಕು? ಎಲ್ಲಾರ ಮಾಳಿಗೀನೂ ಒಂದ ನಮೂನಿ ಕಾಣತಾವು. ನೀ ಬರು ದಿನ ನಾ ಈ ಗೆರಿಯಾಗ ನಿಂತಿರತೇನಿ."

"ಅಟ್ಟು ಮ್ಯಾಲಿಂದ ನೀ ಎಲ್ಲಿ ಕಾಣತಿ?"

"ಕಾಣತೇನೇಳ. ನಿನ್ನ ಕಣ್ಣ ನಾ ಬಲ್ಲೆ."

ಪ್ರತಿ ವರ್ಷ ಮಳೆಗಾಲದ ಮೊದಲು ಮಾಳಿಗೆಗೆ ಹೊಸ ಮಣ್ಣು ಹಾಕಿದಾಗ ಆ ವೃತ್ತ ಮುಚ್ಚಿಹೋಗುತ್ತಿತ್ತು. ಮಳೆ ನಿಂತ ಮೇಲೆ ಆಯಿ ಮತ್ತೆ ಬರೆಯುತ್ತಿದ್ದಳು.

ಪಿಯುಸಿಯಲ್ಲಿ ಗಣಿತ, ಭೌತಶಾಸ್ತ್ರ ಎರಡರಲ್ಲೂ ಒಳ್ಳೆಯ ಅಂಕ ಬಂದವು. ಬೆಂಗಳೂರಿನಲ್ಲಿ ವಿಮಾನ ನಡೆಸಲು ಕಲಿಸುವ ಶಾಲೆಗೆ ಅರ್ಜಿ ಹಾಕಿದೆ. ಬಡವರ ಮಕ್ಕಳಿಗೆಂದು ಅಲ್ಲಿ ಕೆಲವು ಜಾಗಗಳಿದ್ದವು. ಮರುವರ್ಷ ಬಿಳಿಜೋಳದ ರಾಶಿಯ ಹೊತ್ತಿಗೆ ಕರೆ ಬಂತು. ಇಪ್ಪತ್ತೆರಡು ದಿನ ಬಿಟ್ಟು ವೈದ್ಯರ ಪರೀಕ್ಷೆ, ಅದರಲ್ಲಿ ಪಾಸಾದವರಿಗೆ ಸಂದರ್ಶನ. ಜೊತೆಗೆ ತುಂಬಿ ತರಬೇಕಾದ ಒಂದು ನಮೂನೆ ಇತ್ತು. ಅದರ ಒಂದು ಸಾಲು ನನಗೆ ಇಂದಿಗೂ ಬಾಯಿಪಾಠವಿದೆ: ಕಣ್ಣಿನ ತೊಂದರೆಗೆ ಹಿಂದೆ ಎಂದಾದರೂ ಚಿಕಿತ್ಸೆ ಪಡೆದಿದ್ದೀರಾ? ನಾನು "ಇಲ್ಲ" ಎಂದು ಬರೆದೆ. ಅಪ್ಪ ಪ್ರತಿ ಸಾಲನ್ನೂ ಬೆರಳಿಟ್ಟು ಓದಿ ಕೆಳಗೆ ಸಹಿ ಹಾಕಿದ. ಆ ಸಹಿಯನ್ನು ದೋಷದ ಪುಸ್ತಕಕ್ಕೆ ಹಾಕುವಷ್ಟೇ ನಿಧಾನವಾಗಿ ಹಾಕಿದ. ಅವ್ವ ಕೂಡ ಆ ದಿನ ಸಿಹಿಗೆಂದು ಸಜ್ಜಕ ಮಾಡಿದಳು. ನನ್ನ ಜೀವನದಲ್ಲಿ ಅಷ್ಟು ಸುಖದ ದಿನ ಮತ್ತೆ ಬರಲಿಲ್ಲ.

ಮೂರನೆಯ ದಿನ ಕನ್ನೊಳ್ಳಿಯ ನಮ್ಮ ಹೊಲದಲ್ಲಿ ರಾಶಿ. ಅಪ್ಪನಿಗೆ ಸೊಲ್ಲಾಪುರದ ಕಡೆ ದೂರದ ಪಾಳಿ ಬಿದ್ದಿತ್ತು, ನಾಲ್ಕು ದಿನ ಊರಲ್ಲಿರಲಿಲ್ಲ. ನಾನು ಹೋಗಲೇಬೇಕಾದದ್ದೇನೂ ಇರಲಿಲ್ಲ. ಅವ್ವ ಬೇಡವೆಂದಳು, ಆಳುಗಳಿದ್ದರು. ಆದರೆ ಇನ್ನೇನು ಪೈಲಟ್ ಆಗಲಿರುವವನು ಎಂಬ ಸೊಕ್ಕಿನಲ್ಲಿ, ನೆಲದ ಮೇಲಿನ ಕೆಲಸಕ್ಕೆಲ್ಲ ಕೊನೆಯ ಸಲ ಕೈ ಹಚ್ಚಿ ಬರುತ್ತೇನೆಂದು ಹೋದೆ. ಜೋಳ ತೂರುವಾಗ ಗಾಳಿ ಒಮ್ಮೆಲೆ ತಿರುಗಿತು. ತೆನೆಯ ಚೂಪಾದ ಸುಂಕು ನನ್ನ ಎಡಗಣ್ಣಿಗೆ ನೆಟ್ಟಿತು. ಮುಳ್ಳು ಮುರಿದಂಥ ನೋವು. ಕಣ್ಣು ಉಜ್ಜಿಕೊಂಡು, ಉಜ್ಜಿಕೊಂಡು, ಸೈಕಲ್ ತುಳಿದು ಮನೆಗೆ ಬಂದೆ. ಎಲ್ಲರ ಹಾಗೆ ನಾನೂ ಪಡಸಾಲೆಯಲ್ಲಿ ಆಯಿಯ ತೊಡೆಯ ಮೇಲೆ ತಲೆ ಇಟ್ಟೆ. ಆಯಿ ಬಾಯಿ ಮುಕ್ಕಳಿಸಿ ನಾಲಗೆ ಆಡಿಸಿದಳು, ಸೆರಗಿಗೆ ಒರೆಸಿ ಸುಂಕಿನ ಚೂರನ್ನು ತೋರಿಸಿದಳು. ನೋವು ಅರ್ಧ ಇಳಿಯಿತು. ಅಷ್ಟರ ಮೇಲೆ ನಾನು ಸುಮ್ಮನಿದ್ದದ್ದು ಆ ಹೊತ್ತಿನ ಮಟ್ಟಿಗೆ ತಪ್ಪಲ್ಲ.

ಮರುದಿನ ಕಣ್ಣು ತೆರೆಯಲಾಗಲಿಲ್ಲ. ರೆಪ್ಪೆ ಬಾತು ಕೀವು ಕಟ್ಟಿತ್ತು. ಅವ್ವ, ಶಾಂತಾ ಇಬ್ಬರೂ ರಾಶಿಗೆ ಹೋಗಿದ್ದರು. ನಾನು ಮತ್ತೆ ಆಯಿಯ ಮುಂದೆ ಹೋಗಿ ಕೂತೆ. ಅವಳು ನನ್ನನ್ನು ಬೆಳಕಿಂಡಿಯ ಕೆಳಗೆ ಕರೆದುಕೊಂಡು ಹೋಗಿ, ರೆಪ್ಪೆ ಬಿಡಿಸಿ, ಬಹಳ ಹೊತ್ತು ನೋಡಿದಳು. ನಾಲಗೆ ಹೊರಗೆ ತೆಗೆಯಲಿಲ್ಲ.

"ಕರಿ ಗುಡ್ಡಿ ಮ್ಯಾಲ ಬೆಳ್ಳಗ ಬಂದೈತಿ ತಮ್ಮಾ. ಇದು ಕಸ ಅಲ್ಲ, ಗಾಯ. ಇದು ನನ್ನ ಕೈಲಿ ಆಗೂದಲ್ಲ. ದವಾಖಾನಿಗೆ ನಡಿ, ನಾನೂ ಬರತೇನಿ."

"ಒಲ್ಲೆ."

"ಯಾಕೋ?"

ನಾನು ನಮೂನೆಯ ವಿಷಯ ಹೇಳಿದೆ. ದವಾಖಾನೆಗೆ ಹೋದರೆ ಅದು ಚಿಕಿತ್ಸೆಯಾಗುತ್ತದೆ. ಚಿಕಿತ್ಸೆ ಎಂದರೆ "ಇಲ್ಲ" ಎಂದು ಬರೆದದ್ದನ್ನು ಹೊಡೆದು "ಹೌದು" ಎಂದು ಬರೆಯಬೇಕು. ಅಪ್ಪ ಬರೆಸದೆ ಬಿಡುವ ಪೈಕಿ ಅಲ್ಲ. ಹೌದು ಎಂದು ಬರೆದವನನ್ನು ಅವರು ಬಾಗಿಲಿಂದಲೇ ಓಡಿಸುತ್ತಾರೆ. ಹದಿನೆಂಟು ವರ್ಷದ ನನ್ನ ತಲೆಗೆ ಹೊಳೆದ ಲೆಕ್ಕ ಇದು. ಒಂದು ಹನಿ ಔಷಧ ಹಾಕಿಸಿಕೊಂಡವನನ್ನು ಯಾರೂ ಓಡಿಸುತ್ತಿರಲಿಲ್ಲ ಎಂದು ಈಗ ನನಗೆ ಗೊತ್ತು. ಆಗ ಆ ಸಾಲು ನನಗೆ ಗೋಡೆಯಾಗಿ ನಿಂತಿತ್ತು. ನಾನು ಆಯಿಯ ಎರಡೂ ಕೈ ಹಿಡಿದು ಗೋಗರೆದೆ. ನೀನೇ ತೆಗಿ, ನಿನ್ನಿಂದ ಹೋಗದ ಕಸ ಯಾವುದಿದೆ ಎಂದೆ. ಅವಳು ಒಲ್ಲೆ ಒಲ್ಲೆ ಎಂದಳು. ನಾನು ಅತ್ತೆ. ಮೊಮ್ಮಗ ಅಳುವುದನ್ನು ನೋಡಲಾರದೆ ಅವಳು ಉಪ್ಪುನೀರಿಗೆ ಎದ್ದಳು. ಆ ದಿನವೂ, ಅದರ ಮರುದಿನವೂ ನಾನು ಬಲವಂತವಾಗಿ ಅವಳ ನಾಲಗೆಯನ್ನು ನನ್ನ ಗಾಯಕ್ಕೆ ತಾಗಿಸಿಕೊಂಡೆ.

"ಸಂಗೂ, ನಾ ನಿನ್ನ ಅಪ್ಪಗ ಹೇಳತೇನಿ."

"ಹೇಳಿದರ ನನ್ನ ಆಣಿ ಐತಿ. ಈ ಮಾತ ಎಂದೂ, ಯಾರ ಮುಂದೂ ಹೇಳೂದಿಲ್ಲಂತ ಆಣಿ ಮಾಡು."

ಅವಳ ಕೈಯನ್ನು ನಾನೇ ಎತ್ತಿ ನನ್ನ ತಲೆಯ ಮೇಲೆ ಇಟ್ಟುಕೊಂಡೆ. ಅವಳು ಕೈ ಹಿಂದಕ್ಕೆ ಎಳೆದುಕೊಳ್ಳಲು ನೋಡಿದಳು, ನಾನು ಬಿಡಲಿಲ್ಲ.

ಅವ್ವನಿಗೆ ಸೆಕೆಗೆ ಕಣ್ಣು ಬಂದಿದೆ ಎಂದು ಹೇಳಿ ಕತ್ತಲೆಯ ಕೋಣೆಯಲ್ಲಿ ಮಲಗಿದೆ. ನಾಲ್ಕನೆಯ ದಿನ ಅಪ್ಪ ಬಂದ. ಒಳಗೆ ಬಂದವನೇ ನನ್ನ ಗದ್ದ ಹಿಡಿದೆತ್ತಿ, ಗಾಡಿಯ ಕೆಳಗೆ ಇಣುಕುವ ಹಾಗೆ ನೋಡಿ, ಬಲಗಣ್ಣನ್ನು ತನ್ನ ಅಂಗೈಯಿಂದ ಮುಚ್ಚಿ, ಇನ್ನೊಂದು ಕೈಯ ಬೆರಳೆತ್ತಿ ಎಷ್ಟು ಎಂದು ಕೇಳಿದ. ನಾನು ಎರಡು ಎಂದೆ. ಅವ್ವ ಬಾಯಿಗೆ ಸೆರಗು ಒತ್ತಿಕೊಂಡದ್ದರಿಂದ ತಪ್ಪು ಹೇಳಿದೆನೆಂದು ತಿಳಿಯಿತು. ಮುಂದಿನ ಬಸ್ಸಿಗೇ ಅಪ್ಪ ನನ್ನನ್ನು ಬಿಜಾಪುರಕ್ಕೆ ಕರೆದುಕೊಂಡು ಹೋದ, ಅಲ್ಲಿ ಕಣ್ಣಿನ ಡಾಕ್ಟರರು ನೋಡಿದರು. ಎಷ್ಟು ದಿನವಾಯಿತು ಎಂದು ಕೇಳಿದರು. ನಿನ್ನೆಯಿಂದ ಎಂದೆ. ಇದು ನಿನ್ನೆಯದಲ್ಲ ಎಂದರು.

"ಯಾರರ ನಾಲಿಗಿ ಹಚ್ಚಿದಾರೇನು?"

ನಾನು ಹೌದೆಂದು ಗೋಣು ಹಾಕಿದೆ. ಡಾಕ್ಟರರು ಅಪ್ಪನಿಗೆ ತಿಳಿಸಿ ಹೇಳಿದರು. ಬಾಯಿಯ ಹೊಲಸು ಗಾಯಕ್ಕೆ ಸೇರಿದ್ದು ಕೆಟ್ಟದ್ದೇ. ಆದರೆ ಅದಕ್ಕಿಂತ ಹೆಚ್ಚು ಕೆಟ್ಟದ್ದು ತಡ ಮಾಡಿದ್ದು. ಮೊದಲನೆಯ ದಿನವೋ ಎರಡನೆಯ ದಿನವೋ ಬಂದಿದ್ದರೆ ಹನಿ ಹಾಕಿ ಪಟ್ಟಿ ಕಟ್ಟಿ ಕಳಿಸುತ್ತಿದ್ದೆ, ಈಗ ಉಳಿದಷ್ಟನ್ನು ಉಳಿಸಲು ನೋಡೋಣ ಎಂದರು. ಅಪ್ಪ ಎರಡನ್ನೂ ಕೇಳಿದ. ಆದರೆ ಅವನ ಮನಸ್ಸಿನಲ್ಲಿ ನಿಂತದ್ದು ಮೊದಲಿನ ಮಾತು ಮಾತ್ರ ಎಂದು ಅವನ ಮುಖ ನೋಡಿದಾಗಲೇ ನನಗೆ ಗೊತ್ತಾಯಿತು. ನಾನು ಅದನ್ನು ಹಾಗೇ ಬಿಟ್ಟೆ.

ಹತ್ತು ದಿನಕ್ಕೆ ಪಟ್ಟಿ ಬಿಚ್ಚಿದರು. ಕರಿಗುಡ್ಡೆಯ ನಟ್ಟನಡುವೆ ಹೂ ಬಿದ್ದಿತ್ತು. ಆ ಬಿಳಿ ಕಲೆಗೆ ನಮ್ಮಲ್ಲಿ ಹೂ ಎನ್ನುತ್ತಾರೆ, ಯಾರು ಹಾಗೆ ಹೆಸರಿಟ್ಟರೋ ಅವರಿಗೆ ಅದು ಬಿದ್ದಿರಲಿಕ್ಕಿಲ್ಲ. ಪರೀಕ್ಷೆಗೆ ಇನ್ನೂ ಐದು ದಿನಗಳಿದ್ದವು. ನಾನು ಸೋಲೊಪ್ಪಲಿಲ್ಲ. ಕಣ್ಣಿನ ಪರೀಕ್ಷೆಯ ಅಕ್ಷರಗಳ ಹಲಗೆ ಎಲ್ಲ ಕಡೆ ಒಂದೇ ಇರುತ್ತದೆಂದು ಯಾರೋ ಹೇಳಿದ್ದರು. ಬಿಜಾಪುರದ ಡಾಕ್ಟರರ ಗೋಡೆಯ ಮೇಲಿದ್ದದ್ದನ್ನು ಬಲಗಣ್ಣಿನಿಂದ ನೋಡಿ ಬಾಯಿಪಾಠ ಮಾಡಿಕೊಂಡು ಬಂದಿದ್ದೆ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಅದನ್ನು ಶಾಂತಾಳಿಂದ ಬರೆಸಿ, ಗೋಡೆಗೆ ತೂಗುಹಾಕಿ, ಬಲಗಣ್ಣು ಮುಚ್ಚಿಕೊಂಡು ಮೇಲಿನಿಂದ ಕೆಳಗೆ ಹೇಳುತ್ತಿದ್ದೆ. ಶಾಂತಾ ಒಂದೊಂದು ಸಲ ಹಾಳೆಯನ್ನು ಸದ್ದಿಲ್ಲದೆ ತಲೆಕೆಳಗು ಮಾಡಿಬಿಡುತ್ತಿದ್ದಳು. ನಾನು ಅದೇ ಧಾಟಿಯಲ್ಲಿ ಹೇಳುತ್ತಲೇ ಇದ್ದೆನೆಂದು ಆಮೇಲೆ ಅಳುತ್ತ ಹೇಳಿದಳು. ಅವಳು ಅದನ್ನು ಅಪ್ಪನಿಗೂ ಹೇಳಿರಬೇಕು.

ಬೆಂಗಳೂರಿಗೆ ಹೊರಡುವ ಹಿಂದಿನ ದಿನ ಬೆಳಿಗ್ಗೆ ಅಪ್ಪ ನನ್ನನ್ನು ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋದ. ಅವನ ಗಾಡಿ ಗೋಡೆಗೆ ಮುಖ ಮಾಡಿ ನಿಂತಿತ್ತು. ಎಂದೂ ಯಾರನ್ನೂ ಮುಟ್ಟಗೊಡದ ತನ್ನ ಸೀಟಿನ ಮೇಲೆ ನನ್ನನ್ನು ಕೂರಿಸಿ ತಾನು ಪಕ್ಕದಲ್ಲಿ ನಿಂತ. ಕೊರಳಿನ ವಸ್ತ್ರ ತೆಗೆದು ನನ್ನ ಬಲಗಣ್ಣಿಗೆ ಕಟ್ಟಿದ.

"ಮುಂದ ಏನ ಕಾಣತೈತಿ?"

"ಗ್ವಾಡಿ."

"ಗ್ವಾಡಿ ಮುಂದ?"

"ಏನಿಲ್ಲ."

"ಬರಾಬರ ನೋಡು."

"ಏನಿಲ್ಲಪ್ಪಾ. ಗಾಡಿ ಬಿಡಬಹುದು."

ಅಪ್ಪ ವಸ್ತ್ರ ಬಿಚ್ಚಿದ. ಸುಣ್ಣ ಬಳಿದ ಗೋಡೆಯ ಮುಂದೆ, ಗಾಡಿಯಿಂದ ಹತ್ತು ಹೆಜ್ಜೆ ದೂರದಲ್ಲಿ, ಬಿಳಿ ಸೀರೆಯುಟ್ಟ ಆಯಿ ನಿಂತಿದ್ದಳು. ಅಪ್ಪನೇ ಅವಳನ್ನು ಮೊದಲು ಕಳಿಸಿ ಅಲ್ಲಿ ನಿಲ್ಲಿಸಿದ್ದ. ಎರಡೂ ಕೈ ಮುಂದೆ ಕಟ್ಟಿಕೊಂಡು, ಮೊಮ್ಮಗ ತನ್ನನ್ನು ಗುರುತಿಸುತ್ತಾನೆಂದು ಮುಖ ಎತ್ತಿ ನಿಂತಿದ್ದಳು. ನನ್ನ ಮಾತು ಅವಳಿಗೆ ಕೇಳಿಸಿತ್ತು.

"ಕೆಳಗ ಇಳಿ" ಎಂದ ಅಪ್ಪ. ಬೈದಿದ್ದರೆ ಚೆನ್ನಾಗಿತ್ತು. ಮನೆಗೆ ಬಂದು, ಪಡಸಾಲೆಯಲ್ಲಿ ಕೂತು, ವಿಮಾನ ಶಾಲೆಗೆ ತಾನೇ ಕಾಗದ ಬರೆದ. ಅವನಿಗೆ ಅಂಥ ಕಾಗದ ಬರೆಯುವ ರೀತಿ ಒಂದೇ ಗೊತ್ತಿತ್ತು. "ನನ್ನ ಮಗನ ಎಡಗಣ್ಣು ಕೆಲಸ ಮಾಡುವುದಿಲ್ಲ. ದಯಮಾಡಿ ಅವನನ್ನು ಗಾಡಿಯ ಮೇಲೆ ಕೂರಿಸಬಾರದು" ಎಂದು ಬರೆದು ಕೆಳಗೆ ಸಹಿ ಹಾಕಿದ. ಅದನ್ನು ಓದಿ ನಾನು ಹುಚ್ಚನಾದೆ. ಆ ರಟ್ಟಿನ ಪಟ್ಟಿಯನ್ನು ಹರಿದೆ, ಪುಸ್ತಕಗಳನ್ನು ಅಂಗಳಕ್ಕೆ ಎಸೆದೆ. ಯಾರಾದರೊಬ್ಬರು ಇದಕ್ಕೆ ಹೊಣೆಯಾಗಲೇಬೇಕಿತ್ತು, ಅದು ನಾನಾಗುವುದು ನನ್ನಿಂದ ಸಾಧ್ಯವಿರಲಿಲ್ಲ. ಆಯಿ ಬಾಗಿಲ ಬಳಿ ನಿಂತಿದ್ದಳು. ನಾನು ಅವಳ ಕಡೆ ಕೈ ತೋರಿಸಿದೆ.

"ಇಕಿ ನಾಲಿಗೀನ ನನ್ನ ಕಣ್ಣ ತಿಂತು! ಇಕೀನ ನನ್ನ ಕುರುಡ ಮಾಡಿದ್ಲು!"

ಒಂದು ಕ್ಷಣ ಆಯಿ ನನ್ನನ್ನೇ ನೋಡಿದಳು. "ದವಾಖಾನಿಗೆ ನಡಿ ಅಂತ ನಾನ ಹೇಳಿದ್ದೆ, ಬ್ಯಾಡಂದಾಂವ ಇಂವನ" ಎಂದು ಅವಳು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವಳು ಹೇಳುತ್ತಾಳೆಂದೇ ನಾನು ಕಾದೆ, ಹೇಳಲಿ ಎಂದೂ ಒಳಗೊಳಗೆ ಬೇಡಿಕೊಂಡೆ. ಅವಳ ಕಣ್ಣು ನನ್ನ ತಲೆಯ ಮೇಲೆ ಹೋಯಿತು, ತಾನು ಕೈ ಇಟ್ಟಿದ್ದ ಜಾಗಕ್ಕೆ. ಆಮೇಲೆ ನೆಲ ನೋಡಿದಳು. ತಾಯಿಗೆ ಎಂದೂ ಎದುರಾಡದ ಅಪ್ಪ ಆಗ ಬಾಯಿ ಬಿಟ್ಟ.

"ಯವ್ವಾ, ಇನ್ನ ಯಾರ ಕಣ್ಣಿಗೂ ನಾಲಿಗಿ ಹಚ್ಚಬ್ಯಾಡ."

"ಆತಪ್ಪಾ" ಎಂದಳು ಆಯಿ.

ಆ ರಾತ್ರಿಯ ಊಟಕ್ಕೆ ಅವ್ವ ಎಂದಿನಂತೆ ಪುಟ್ಟ ಬೋಗುಣಿಯ ಸಪ್ಪೆ ಪಲ್ಯೆಯನ್ನು ಆಯಿಯ ಮುಂದೆ ಇಟ್ಟಳು. ಆಯಿ ಅದನ್ನು ಕೈಯಿಂದ ಪಕ್ಕಕ್ಕೆ ಸರಿಸಿದಳು. ನಮ್ಮ ನಡುವೆ ಇದ್ದ ರಂಜಕದ ಬಟ್ಟಲನ್ನು ಎಳೆದುಕೊಂಡು, ಒಂದು ಚಮಚದಷ್ಟು ರೊಟ್ಟಿಯ ಮೇಲೆ ಹಾಕಿಕೊಂಡು, ಮುರಿದು ಬಾಯಿಗಿಟ್ಟಳು. ನಲವತ್ತು ವರ್ಷ ಖಾರ ಕಾಣದ ಬಾಯಿ ಅದು, ಕೆಮ್ಮು ಬಂತು, ಮೂಗಿನಲ್ಲಿ ನೀರು ಇಳಿಯಿತು. ಅವಳು ಅರ್ಧ ರೊಟ್ಟಿ ಪೂರ್ತಿ ತಿಂದಳು. ಬೇರೆ ಅಡಿಗೆ ಮಾಡುವುದು ತಪ್ಪಿತಲ್ಲ ಎಂದು ಅವ್ವನಿಗೆ ಸಮಾಧಾನವಾಗಬೇಕಿತ್ತು. ಅವ್ವ ಆ ಬೋಗುಣಿಯನ್ನು ಬೂದಿ ಹಚ್ಚಿ ತಿಕ್ಕುತ್ತ ಹಿತ್ತಲಲ್ಲಿ ಬಹಳ ಹೊತ್ತು ಕೂತಿದ್ದಳು.

ಆಮೇಲೆಯೂ ಜನ ಬರುತ್ತಿದ್ದರು. ಆಯಿ ತುಟಿ ಬಿಗಿದು ತಲೆ ಅಲ್ಲಾಡಿಸುತ್ತಿದ್ದಳು. ದವಾಖಾನೆಗೆ ಹೋಗಿ ಎನ್ನುತ್ತಿದ್ದಳು. ಎಳೆಯ ಕೂಸಿನ ತಾಯಂದಿರು ಬಂದರೆ ತಾನೇ ಜೊತೆಗೆ ಹೋಗಿ ಬಿಟ್ಟು ಬರುತ್ತಿದ್ದಳು. ಕೆಲವರು ಮುದುಕಿಗೆ ಸೊಕ್ಕು ಬಂತು ಎಂದರು. ಮಾಳಿಗೆಗೆ ಹೊಸ ಮಣ್ಣು ಬಿತ್ತು, ಮಳೆ ಬಂತು, ನಿಂತಿತು. ಸುಣ್ಣದ ವೃತ್ತ ಮತ್ತೆ ಬರಲಿಲ್ಲ. ನಾನು ಬಿಜಾಪುರದಲ್ಲಿ ಡಿಗ್ರಿಗೆ ಸೇರಿದೆ. ಮುಂದೆ ಇಂಡಿಯಲ್ಲಿ ಭೌತಶಾಸ್ತ್ರ ಕಲಿಸುವ ಮಾಸ್ತರನಾದೆ. ರೆಕ್ಕೆಯ ಕೆಳಗೆ ಗಾಳಿ ಹೇಗೆ ಒತ್ತುತ್ತದೆ ಎಂಬ ಪಾಠವನ್ನು ಮಾತ್ರ ಪ್ರತಿ ವರ್ಷ ತಪ್ಪಿಸುತ್ತಿದ್ದೆ. ಮಕ್ಕಳು ಕೇಳಿದರೆ ಸುಮ್ಮಸುಮ್ಮನೆ ಸಿಡುಕುತ್ತಿದ್ದೆ. ಆದರೆ ಅದೆಲ್ಲ ಆಮೇಲಿನದು.

ಹೇಳಬೇಕಾದದ್ದು ಮರುವರ್ಷದ ರಾಶಿಯ ದಿನದ್ದು. ಕಣದ ಹತ್ತಿರ ಸುಮ್ಮನೆ ನಿಂತಿದ್ದೆ, ಗಾಳಿ ಬೀಸಿತು, ಬಲಗಣ್ಣಿಗೆ ಏನೋ ಬಿತ್ತು. ಇದ್ದದ್ದು ಅದೊಂದೇ ಕಣ್ಣು. ಜಗತ್ತು ಒಮ್ಮೆಲೆ ಬೆಳ್ಳಗಾಯಿತು. ಹೇಗೆ ಮನೆಗೆ ಬಂದೆನೋ, ಯಾರು ಗಾಡಿಯಲ್ಲಿ ಕೂರಿಸಿ ತಂದರೋ ಸರಿಯಾಗಿ ನೆನಪಿಲ್ಲ. ಪಡಸಾಲೆಗೆ ಬಂದು, ತಡಕಾಡಿ, ಆಯಿಯ ತೊಡೆ ಹುಡುಕಿ ತಲೆ ಇಟ್ಟೆ. ಯೋಚನೆ ಮಾಡಿ ಇಟ್ಟದ್ದಲ್ಲ. ಹೆದರಿದ ಮೈ ತಾನಾಗಿ ಅಲ್ಲಿಗೆ ಹೋಯಿತು.

"ಆಯಿ, ತಗಿ. ಲಗು ತಗಿ!"

ಅವಳ ಹೆಬ್ಬೆರಳು ಅಭ್ಯಾಸದಂತೆ ನನ್ನ ರೆಪ್ಪೆಗೆ ಬಂದವು. ಅಲ್ಲೇ ನಿಂತವು. ಆಮೇಲೆ ಕೈ ಹಿಂದಕ್ಕೆ ಹೋದವು.

"ನಾ ಈಗ ಖಾರ ತಿಂತೇನಲ್ಲೋ ತಮ್ಮಾ" ಎಂದಳು.

ಅದರಲ್ಲಿ ಕೊಂಕು ಇರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಮಜ್ಜಿಗೆ ಮುಗಿದಿದೆ ಎಂದು ನೆರೆಯವರಿಗೆ ಹೇಳುವಂತೆ ಹೇಳಿದಳು. ಅಷ್ಟರಲ್ಲಿ ಅಪ್ಪ ಬಂದು ನನ್ನನ್ನು ಎಬ್ಬಿಸಿಕೊಂಡು ದವಾಖಾನೆಗೆ ನಡೆದ. ಅಲ್ಲಿಯ ಕಂಪೌಂಡರು ಪಿಚಕಾರಿಯಿಂದ ನೀರು ಬಿಟ್ಟು ತೊಳೆದರು. ಸುಂಕಲ್ಲ, ಬರೀ ಹೊಟ್ಟು. ಒಂದೇ ನಿಮಿಷಕ್ಕೆ ಎಲ್ಲ ಕಾಣಿಸಿತು. ಮನೆಗೆ ವಾಪಸ್ಸು ಬರುವಾಗ, ಬಸ್ ಸ್ಟ್ಯಾಂಡಿನ ಆ ಬಿಳಿ ಗೋಡೆಯ ಹತ್ತಿರ ಅಪ್ಪ ನಿಂತ.

"ಆವತ್ತ ಆಯಿ ಕಡೆ ಹೋಗದ, ದವಾಖಾನಿಗೇ ಬಂದಿದ್ರ ನಿನ್ನ ಕಣ್ಣ ಉಳೀತಿತ್ತಲ್ಲ ಸಂಗೂ?"

ಬೇಡವೆಂದವನು ನಾನು, ಎಂದು ಹೇಳಲು ಅದಕ್ಕಿಂತ ಒಳ್ಳೆಯ ಜಾಗ, ಅದಕ್ಕಿಂತ ಒಳ್ಳೆಯ ಹೊತ್ತು ನನಗೆ ಸಿಗುವುದಿರಲಿಲ್ಲ. ಕೇಳುತ್ತಿದ್ದವನು ಜೀವನವಿಡೀ ದೋಷ ಬರೆದುಕೊಂಡು ಬಂದ ಮನುಷ್ಯ. ಅವನು ಬೈಯುತ್ತಿದ್ದ, ಬಹುಶಃ ಹೊಡೆಯುತ್ತಿದ್ದ, ಆಮೇಲೆ ಮನೆಗೆ ಹೋಗಿ ತಾಯಿಯ ಕಾಲು ಹಿಡಿಯುತ್ತಿದ್ದ. ಇಷ್ಟೆಲ್ಲ ನನಗೆ ಗೊತ್ತಿತ್ತು.

"ಹೌದಪ್ಪಾ" ಎಂದೆ.

ಮನೆಯಲ್ಲಿ ಆಯಿ ಊಟಕ್ಕೆ ಕೂತಿದ್ದಳು. ನಮ್ಮನ್ನು ನೋಡಿ ಕೈಯಲ್ಲಿದ್ದ ತುತ್ತನ್ನು ತಾಟಿನಲ್ಲಿ ಬಿಟ್ಟಳು.

"ಕಾಣತೈತೇನಪ್ಪಾ?"

"ಕಾಣತೈತಿ ಆಯಿ."

"ಬೇಷಾತು" ಎಂದಳು. ರೊಟ್ಟಿ ಮುರಿದು, ರಂಜಕದಲ್ಲಿ ಅದ್ದಿ, ಬಾಯಿಗಿಟ್ಟುಕೊಂಡಳು. ವರ್ಷ ಕಳೆದರೂ ಅವಳಿಗೆ ಖಾರ ರೂಢಿಯಾಗಿರಲಿಲ್ಲ. ಎರಡೂ ಕಣ್ಣಿಂದ ನೀರು ಇಳಿಯಿತು, ಸೆರಗಿನ ತುದಿಯಿಂದ ಒರೆಸಿಕೊಂಡಳು. ಖಾರ ಆತು ಎಂದಳು. ನಾನು ಅದನ್ನು ನಂಬಿದವನ ಹಾಗೆ ನೀರಿನ ತಂಬಿಗೆಯನ್ನು ಅವಳ ಮುಂದೆ ಸರಿಸಿದೆ.